ತಂತಿ ಇನ್ನೂ ಕೂತಿಲ್ಲ

ನನ್ನ ಸೋದರಮಾವ ಉಕುಲೇಲೆ ನುಡಿಸಿದ್ದನ್ನು ಕೇಳಿದವರು ಪಂಜದ ಪೇಟೆಯಲ್ಲಿ ಒಬ್ಬರೂ ಇರಲಿಲ್ಲ. ಅವರು ಅದಕ್ಕೆ ತಂತಿ ಕಟ್ಟುವುದನ್ನು ನೋಡದವರೂ ಒಬ್ಬರಿರಲಿಲ್ಲ! ಉಕುಲೇಲೆ ಎಂದರೆ ನಾಲ್ಕು ತಂತಿಯ ಮರಿ ಗಿಟಾರು. ಐವತ್ತರ ದಶಕದಲ್ಲಿ ಬೊಂಬಾಯಿಯ ಹೋಟೆಲ್ ಕೆಲಸ ಬಿಟ್ಟು ಬಂದವರು ಗಡಿಯಾರ ತಂದರು, ಉಂಗುರ ತಂದರು. ಮಾವ ಎರಡು ಉಕುಲೇಲೆ ತಂದರು.

ಊರಲ್ಲಿ ಮಾವ ಚಾ ಹೋಟೆಲಿಟ್ಟರು. ಅತ್ತೆ ಒಲೆಯ ಮುಂದೆ, ಮಾವ ತಂತಿಯ ಮುಂದೆ. ಯಾರಾದರೂ ಚಾ ಕೇಳಿದರೆ, "ನಿಲ್ಲಿ ಮಾರಾಯ್ರೆ, ಒಂದು ಗಂಟು ಬಾಕಿ ಉಂಟು." ಒಳಗಿಂದ ಅತ್ತೆ, "ಇವರ ಕೈಯಲ್ಲಿ ಬಿಚ್ಚದೆ ಉಳಿದ ಗಂಟು ನನ್ನದೊಂದೇ!"

ತಂತಿಯ ಬುಡ ಸಿಕ್ಕಿಸುವ ಮರದ ತುಂಡನ್ನು ಮಾವ ವೀಣೆಯವರ ಹಾಗೆ ಕುದುರೆ ಎನ್ನುತ್ತಿದ್ದರು. ಒಂದರ ಕುದುರೆಯಲ್ಲಿ ಸೀಳುಗಳು: ದಪ್ಪ ತಂತಿಗೆ ದಪ್ಪ ಸೀಳು, ಸಪುರದ್ದಕ್ಕೆ ಸಪುರ ಸೀಳು. ತುದಿಗೆ ಗಂಟು ಹಾಕಿ ಜಾರಿಸಿದರೆ ಮುಗಿಯಿತು. ಇನ್ನೊಂದರಲ್ಲಿ ಒಂದೇ ಅಳತೆಯ ನಾಲ್ಕು ತೂತು. ತಂತಿ ತೂರಿಸಿ, ಹಿಂದಕ್ಕೆ ತಂದು, ಬಳಸಿ, ಅದರದೇ ಅಡಿಗೆ ಸಿಕ್ಕಿಸಿ ಎಳೆಯಬೇಕು. ಮಾವ ಇದಕ್ಕೆ ಹಾಕುತ್ತಿದ್ದದ್ದು ಹಸು ಕಟ್ಟುವ ಗಂಟು! ತಂತಿಯೆಂದು ಮಂಗಳೂರಿಂದ ತರಿಸಿದ ಗಾಳದ ನೈಲಾನ್ ದಾರ, ಬಿಗಿಯಲು ಬಿರಡೆ ತಿರುಗಿಸಿದ ಕೂಡಲೇ ಟೊಂಯ್ ಎಂದು ಹಾರಿ ಗಿರಾಕಿಯ ಸಾಂಬಾರಿಗೆ. "ಮೀನು ಸಿಕ್ಕಿತಾ?" ಎಂದು ಗಿರಾಕಿ ಕೇಳುತ್ತಿದ್ದರು.

ನಾನು ಶಾಲೆಗೆಂದು ಅವರಲ್ಲೇ ಇದ್ದೆ. ಸಾಯುವ ಮೊದಲು ಒಮ್ಮೆ ಅದನ್ನು ನುಡಿಸಬೇಕು ಎಂಬ ಆಸೆ, ಹನ್ನೊಂದನೇ ವಯಸ್ಸಿಗೆ! ಕೇಳಿದಾಗಲೆಲ್ಲ, "ತಂತಿ ಇನ್ನೂ ಕೂತಿಲ್ಲ ಮಗಾ." ಯಾವ ತಂತಿ ಕೂರುತ್ತದೆ, ದಿನಕ್ಕೆರಡು ಸಲ ಏಳಿಸಿದರೆ?

ನಾನು ಎಡಚಿ. ಶಾಲೆಯಲ್ಲಿ ಎಡಗೈಗೆ ಬೆತ್ತ. ಊಟಕ್ಕೆ ಕೂತರೆ ಅತ್ತೆ ಅದೇ ಕೈಗೆ ಮೈ ಒರೆಸುವ ಬೈರಾಸು ಸುತ್ತಿ ಕಟ್ಟುತ್ತಿದ್ದರು. "ಎಡಗೈಯಲ್ಲಿ ಚಾ ಕೊಟ್ಟರೆ ಗಿರಾಕಿ ಬರುದುಂಟಾ?" ಒಂದು ದಿನ ಸೀಳಿನದ್ದನ್ನು ಎತ್ತಿಕೊಂಡು ಎಡಗೈಯಲ್ಲಿ ಮೀಟಿದೆ. ಮಾವ ನನ್ನ ಕೈಯನ್ನೇ ನೋಡಿದರು. ಕಿತ್ತುಕೊಂಡು ಪೆಟ್ಟಿಗೆಯಲ್ಲಿಟ್ಟರು. ಇವರಿಗೂ ಹೇಸಿಗೆಯೇ! ಇನ್ನು ಮುಟ್ಟಿದರೆ ಕೇಳಿ ಎಂದು ಅವತ್ತೇ ಶಪಥ ಮಾಡಿದೆ.

ಆ ಮಳೆಗಾಲವಿಡೀ ಮಾವ ಸುಲಭದ್ದನ್ನು ಬಿಟ್ಟು ತೂತಿನದ್ದಕ್ಕೇ ಗಂಟುಬಿದ್ದರು. ಅರ ಹಿಡಿದು ಅದರ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಕಚ್ಚುಗಳನ್ನೂ ಉಜ್ಜಿದರು. ರಾಮಕುಂಜದಿಂದ ಬಂದ, ಸಂಗೀತ ತಿಳಿದ ಮಾಸ್ಟ್ರೊಬ್ಬರು ಅದನ್ನು ಎತ್ತಿ ನೋಡಿ ನಕ್ಕರು.

"ಎಂತ ಮಾರಾಯ್ರೆ ಇದು? ತಂತಿ ಎಲ್ಲ ಅಡಿಮೇಲು ಕಟ್ಟಿದ್ದೀರಲ್ಲ!"

ಹೋಟೆಲಿಗೆ ಹೋಟೆಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮಾವ ನನ್ನತ್ತ ನೋಡಿ, "ಇರ್ಲಿ ಮಾಸ್ಟ್ರೇ" ಎಂದರು, ಅಷ್ಟೇ.

ಮರುದಿನ ಬೆಳಿಗ್ಗೆ ಅದನ್ನು ನನ್ನ ಮುಂದೆ ಹಿಡಿದರು. "ಈಗ ತಂತಿ ಕೂತಿದೆ. ಹಿಡಿ ಮಗಾ."

"ನಂಗೆ ಬೇಡ" ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿದೆ. ಮಾವ ಅದನ್ನೂ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಮತ್ತೆ ಅವರು ತಂತಿ ಮುಟ್ಟಿದ್ದನ್ನು ಯಾರೂ ಕಾಣಲಿಲ್ಲ. ಹುಚ್ಚು ಬಿಟ್ಟಿತು ಎಂದು ಊರು ಸಂತೋಷಪಟ್ಟಿತು. ನಾನೂ ಪಟ್ಟೆ, ಪಾಪಿ!

ಮಾವ ತೀರಿಕೊಂಡ ಮೇಲೆ ಅತ್ತೆ ಆ ಪೆಟ್ಟಿಗೆಯನ್ನು ನನಗೆ ಕೊಟ್ಟರು. ಅಷ್ಟರಲ್ಲಿ ಶಾಲೆಯೂ ಮನೆಯೂ ಸೇರಿ ನನ್ನನ್ನು 'ಸರಿ' ಮಾಡಿದ್ದವು. ಬರೆಯುವುದು, ಉಣ್ಣುವುದು ಎಲ್ಲ ಬಲಗೈ. ತೂತಿನದ್ದನ್ನು ಎತ್ತಿ ಬಲಗೈಯಲ್ಲಿ ಮೀಟಿದರೆ ತಂತಿಗಳು ಅಡಿಮೇಲೇ. ಸುಮ್ಮನೆ ತಿರುಗಿಸಿ ಎಡಗೈಯಲ್ಲಿ ಮೀಟುವ ಹಾಗೆ ಹಿಡಿದೆ. ಎಲ್ಲವೂ ತನ್ನ ತನ್ನ ಜಾಗದಲ್ಲಿತ್ತು. ಸೀಳಿನ ಕುದುರೆಯಲ್ಲಿ ತಂತಿಯ ಕ್ರಮ ಬದಲಿಸಲು ಬರುವುದಿಲ್ಲ, ತೂತಿನದ್ದರಲ್ಲಿ ಬರುತ್ತದೆ. ಅದಕ್ಕೇ ಮಾವ ಒಂದು ಮಳೆಗಾಲವಿಡೀ ಆ ಗಂಟು ಕಲಿತದ್ದು. ಆ ಪೇಟೆಯಲ್ಲಿ ನನ್ನನ್ನು ಬಿಟ್ಟರೆ ಇನ್ಯಾರು ಎಡಚಿ?

ನುಡಿಸಲು ನನಗೆ ಈಗಲೂ ಬರುವುದಿಲ್ಲ, ಎಡಗೈಗೆ ಎಲ್ಲ ಮರೆತುಹೋಗಿದೆ. ಆದರೆ ಪ್ರತಿ ಮಳೆಗಾಲ ಕಳೆದ ಮೇಲೆ ಹಳೆಯ ತಂತಿ ಬಿಚ್ಚಿ ಹೊಸತು ಕಟ್ಟುತ್ತೇನೆ. ಹಾಗೇ, ಅಡಿಮೇಲಾಗಿ.