ಬೆನ್ನು ಕೆತ್ತುವ ಮಾವ

ನನ್ನ ಸೋದರಮಾವನಿಗೆ ಯಾರ ಮುಖದ ಗುರುತೂ ಸಿಗುವುದಿಲ್ಲ. ಬೆನ್ನು ತೋರಿಸಿದರೆ ಮಾತ್ರ ಹೆಸರು, ಊರು ಎಲ್ಲ ಹೇಳಿಬಿಡುತ್ತಾರೆ! ಕುದ್ರೋಳಿಯ ಅವರ ಮನೆಗೆ ಹೋದರೆ "ಬನ್ನಿ, ಕೂತ್ಕೊಳ್ಳಿ" ಎಂಬ ಉಪಚಾರವಿಲ್ಲ. "ಸ್ವಲ್ಪ ತಿರುಗಿ ನಿಲ್ಲಿ" ಎನ್ನುತ್ತಾರೆ. ನೀವು ಯಾಕೆಂದು ಕೇಳುವಷ್ಟರಲ್ಲಿ ಒದ್ದೆ ಜೇಡಿಮಣ್ಣು ಒತ್ತಿ ನಿಮ್ಮ ಬೆನ್ನಿನ ಅಚ್ಚು ತೆಗೆದಾಗಿರುತ್ತದೆ.

ಮಾವ ಶಿಲ್ಪಿ. ರಸ್ತೆ ಅಗಲ ಮಾಡಲು ಕಡಿದ ಮರಗಳ ಕಾಂಡ ತಂದು, ಅದರಲ್ಲಿ ಮನುಷ್ಯರ ಬೆನ್ನು ಸರಿಯಾಗಿ ಕೂರುವಂಥ ಗುಳಿ ಕೆತ್ತುತ್ತಾರೆ. ಒರಗಿದರೆ ಮರವೇ ನಿಮ್ಮನ್ನು ಹಿಡಿದುಕೊಂಡ ಹಾಗೆ. "ಮರಕ್ಕೆ ಒರಗಿ ಎಷ್ಟು ಕಾಲ ಆಯ್ತು ನಿಮಗೆ?" ಎಂದು ಸಿಕ್ಕವರನ್ನೆಲ್ಲ ಕೇಳುತ್ತಾರೆ. ಗ್ಯಾಸ್ ಸಿಲಿಂಡರ್ ತರುವವನಿಗೆ ಈ ಪ್ರಶ್ನೆ ಯಾಕೆ ಬೇಕು ಹೇಳಿ? ಈಗ ಅವನು ಸಿಲಿಂಡರನ್ನು ಗೇಟಿನಲ್ಲೇ ಇಟ್ಟು ಓಡುತ್ತಾನೆ.

ನನ್ನನ್ನು ನೋಡಲು ಬಂದ ಹುಡುಗನಿಗೂ ಇದೇ ಗತಿ! ಕಾಫಿ ಬರುವ ಮೊದಲೇ ಆ ಹುಡುಗನ ಬಿಳಿ ಅಂಗಿಯ ಹಿಂದೆ ಕೆಸರು. ಮದುವೆಯೇನೋ ಆಯಿತು, ಕಲೆ ಮಾತ್ರ ಹೋಗಲಿಲ್ಲ. ನಮ್ಮಿಬ್ಬರಿಗೆ ಜಗಳವಾದಾಗಲೆಲ್ಲ ಆ ಅಂಗಿ ಕಪಾಟಿನಿಂದ ಹೊರಗೆ ಬರುತ್ತದೆ!

ಊರಿನವರೆಲ್ಲ ಬೆನ್ನು ಕೊಟ್ಟರೂ ಮಾವನ ಹೆಂಡತಿ, ನನ್ನ ಅತ್ತೆ ಮಾತ್ರ ಕೊಟ್ಟಿರಲಿಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಜನರ ಮಾತಿಗೆ ಹೆದರಿ ಬಾಣಂತಿ ಇರುವ ಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದರು. "ನನ್ನ ಬೆನ್ನಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎನ್ನುತ್ತಿದ್ದರು. ಕಳೆದ ವರ್ಷ ಅದೇನಾಯಿತೋ, ಒಪ್ಪಿದರು. ನಂತೂರಿನಿಂದ ತಂದ ಮಾವಿನ ಕಾಂಡದಲ್ಲಿ ಅತ್ತೆಯ ಬೆನ್ನು ಮೂಡಿತು. ಮಾವನಿಗೆ ಜೀವನದಲ್ಲಿ ಮೊದಲ ಸಲ ಪ್ರದರ್ಶನಕ್ಕೆ ಕರೆ ಬಂದದ್ದು ಆ ಕಾಂಡಕ್ಕೇ. ಅದರ ಪಕ್ಕ ನಿಲ್ಲಲೆಂದು ಅತ್ತೆ ಹೊಸ ಸೀರೆ ತಂದರು.

ಕಾಂಡ ಒಯ್ಯುವ ಲಾರಿ ಬಂದ ಬೆಳಿಗ್ಗೆ ಸೀರೆ ಉಟ್ಟು ತಯಾರಾಗಿದ್ದರು. ಮಾವ ಮಾತ್ರ ಕಾಂಡಕ್ಕೆ ಅಡ್ಡ ನಿಂತಿದ್ದರು. ಕೆತ್ತಿದ ಕುತ್ತಿಗೆಯ ಮೇಲಿನ ಪೊಟರೆಯಲ್ಲಿ ಮಡಿವಾಳ ಹಕ್ಕಿ ಗೂಡು ಕಟ್ಟಿ, ಅಂದೇ ಮರಿ ಮಾಡಿತ್ತು. ಗೂಡಿನ ವಿಷಯ ಎರಡು ವಾರದಿಂದ ಗೊತ್ತಿದ್ದೂ ಈ ಮನುಷ್ಯ ಬಾಯಿ ಬಿಟ್ಟಿರಲಿಲ್ಲ!

"ಬೇಗ ಮಾಡಿ ಅಣ್ಣ, ಟ್ರಾಫಿಕ್ ಶುರುವಾದ್ರೆ ಹಂಪನಕಟ್ಟೆಯಲ್ಲಿ ಲಾರಿ ನಿಲ್ಲಿಸ್ಲಿಕ್ಕೆ ಬಿಡುದಿಲ್ಲ" ಎಂದು ಡ್ರೈವರ್ ಹಾರ್ನ್ ಒತ್ತಿದ. ಪ್ರದರ್ಶನದವರ ಫೋನ್ ಬಂತು: ಹತ್ತರೊಳಗೆ ತಲುಪದಿದ್ದರೆ ಆ ಜಾಗ ಬೇರೆಯವರಿಗೆ.

"ಮಾವ, ಗೂಡನ್ನು ಮೆಲ್ಲ ತೆಗೆದು ಪೇರಳೆ ಗಿಡದಲ್ಲಿ ಇಡುವ" ಎಂದೆ.

"ತಾಯಿ ವಾಪಸ್ ಬರದಿದ್ರೆ?"

"ನಿಮ್ಮನ್ನು ಇನ್ನು ಯಾರೂ ಕರೀಲಿಕ್ಕಿಲ್ಲ, ಗೊತ್ತುಂಟಲ್ಲ?"

"ಗೊತ್ತುಂಟು."

ಬೆನ್ನು ಬಿಟ್ಟರೆ ಬೇರೇನೂ ನೋಡದ ಮಾವ ಅಂದು ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅತ್ತೆ ಈಗ ಬೈಯುತ್ತಾರೆ, ಅಳುತ್ತಾರೆ, ಎರಡೂ ನ್ಯಾಯವೇ.

ಅತ್ತೆ ಬಗ್ಗಿ ಪೊಟರೆಯೊಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಮತ್ತೆ ಹಾರ್ನ್ ಕೇಳಿದಾಗ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇಟಿನತ್ತ ನಡೆದರು.

"ಹಾರ್ನ್ ಹಾಕ್ಬೇಡ ಮಾರಾಯ, ಲಾರಿ ತೆಗೊಂಡು ಹೋಗು" ಎಂದರು. "ನಮ್ಮ ಮನೆಯಲ್ಲಿ ಬಾಣಂತಿ ಉಂಟು."