ಸಾಹೇಬ್ರು ಬಂದಾಗ ತುಕ್ಕು ಕಾಣಬೇಕು

ನಾನು ಏನರ ಒಂದು ಕೆಲಸ ನೆಟ್ಟಗ ಮಾಡ್ಬೇಕಂತ ಹೊಂಟ್ರ, ಅದು ನಗಿಗೀಡಾಗದ ಮುಗಿಯೂದ ಇಲ್ಲ ನೋಡ್ರಿ. ನನ್ನ ಹಣೇಬರಹನೋ, ನನ್ನ ಸುತ್ತ ಇರೋ ಮಂದಿ ಕೈಗುಣನೋ, ಇವತ್ತಿಗೂ ಬಗೀಹರಿದಿಲ್ಲ. ಈ ಸಲ ಇದ್ದ ಕೆಲಸ ಭಾಳ ಸಣ್ಣದು. ನಮ್ಮ ಕಾರಿಗೆ ತುಕ್ಕು ಹಿಡದಿತ್ತು, ವಾರಂಟಿ ಮುಗಿಯೂದ್ರೊಳಗ ಕಂಪನಿಯವ್ರ ಕಡೆಯಿಂದ ಸರಿಮಾಡಿಸಬೇಕಿತ್ತು. ಅಷ್ಟ.

ನಾನು ಯಲಬುರ್ಗಾ ಕಡೆ ಒಂದು ಹಳ್ಳಿ ಸರಕಾರಿ ಸಾಲಿ ಹೆಡ್‌ಮಾಸ್ತರ. ಊರ ಹೆಸರು ಹೇಳಂಗಿಲ್ಲ. ಯಾಕಂತ ಕಡೀಕ ನಿಮಗ ತಿಳೀತೈತಿ. ಮನ್ಯಾಗ ಅವ್ವ, ನನ್ನ ಹೆಂಡ್ತಿ, ನಾನು. ನಮ್ಮಪ್ಪ ಮಂದಿ ಹೊಲದಾಗ ದುಡದು ನನಗ ಸಾಲಿ ಕಲಿಸಿದಾಂವ. ಅಂವ ಹೋದ ಎರಡು ವರ್ಷಕ್ಕ ಈ ಕಾರು ತಗೊಂಡ್ವಿ. ನಮ್ಮ ಮನೆತನದಾಗ ಮೊದಲನೇ ಕಾರು, ಬಿಳೀ ಬಣ್ಣದ್ದು. ಆ ಬಿಳೀ ಬಣ್ಣದ ಮ್ಯಾಲೆ ಅವ್ವನ ಜೀವ.

೧. ಕಾರಿಗೆ ಅಮ್ಮ ಬಂದಾಳ

ತುಕ್ಕು ಮೊದಲು ಕಂಡಿದ್ದು ಅವ್ವಗ. ದಿನಾ ಮುಂಜಾನೆ ಸೆರಗಿಲೆ ಕಾರು ಒರಸೂದು ಆಕಿ ರೂಢಿ. ಒಂದಿನ ಅಂಗಳದಿಂದ ಕೂಗಿದ್ಲು, “ತಮ್ಮಾ, ಕಾರಿಗೆ ಗುಳ್ಳಿ ಎದ್ದಾವ ಬಾ ಇಲ್ಲಿ.”

ಹೋಗಿ ನೋಡಿದ್ರ, ಎಡಗಡೆ ಹಿಂದಿನ ಬಾಗಲದ ಕೆಳಗ ಬಣ್ಣ ಉಬ್ಬಿ ಜ್ವಾಳದ ಕಾಳಿನಷ್ಟು ನಾಕೈದು ಗುಳ್ಳಿ. ಒಂದು ಒಡದು ಕಂದು ಬಣ್ಣ ಕಾಣಾಕತ್ತಿತ್ತು.

“ತುಕ್ಕಬೇ ಇದು,” ಅಂದೆ.

“ಸಾವಕಾಶ ಅನ್ನು. ಬಾಜೂ ಮನಿಯವ್ರಿಗೆ ಕೇಳಸ್ತೈತಿ.”

ಮರುದಿನ ನೋಡ್ತೀನಿ, ಬಾಗಲದ ಹಿಡಿಕಿಗೆ ಬೇವಿನ ತಪ್ಪಲ ಸಿಗಿಸ್ಯಾಳ. ಸಣ್ಣ ಹುಡುಗರಿಗೆ ಮೈಮ್ಯಾಲೆ ಗುಳ್ಳಿ ಎದ್ದಾಗ ಅಮ್ಮ ಬಂದಾಳಂತ ಬಾಗಲಕ್ಕ ಬೇವು ಸಿಗಸ್ತಾರಲ್ಲ, ಹಂಗ.

“ಇದೇನಬೇ?”

“ಕೇಳಿದವ್ರಿಗೆ ಕಾರಿಗೆ ಅಮ್ಮ ಬಂದಾಳಂತ ಹೇಳ್ತೀನಿ. ಅಮ್ಮ ಬಂದ್ರ ನಾಚಿಕಿ ಇಲ್ಲ, ತುಕ್ಕು ಬಂದ್ರ ನಾಚಿಕಿ. ಹಳೇ ಡಬ್ಬಿ ತಂದಾನ ಅಂತ ಆಡಿಕೊಳ್ತಾರ. ಇದು ಹೋಗೂತನ ನಾ ಇದರಾಗ ಕುಂದ್ರಂಗಿಲ್ಲ ನೋಡು.”

ಆಡಿದ ಹಂಗ ಮಾಡಿದ್ಲು. ಸಿದ್ದಾಪುರದಾಗ ನನ್ನ ತಂಗಿ ಮನಿ ಐತಿ. ಆ ವಾರ ಅಲ್ಲಿಗೆ ಬಸ್ಸಿನ್ಯಾಗ ನಿಂತುಕೊಂಡು ಹೋದ್ಲು, ಮನಿ ಮುಂದ ಕಾರು ಬಿಟ್ಟು. ನನಗ ಅವತ್ತು ಊಟ ಸೇರಲಿಲ್ಲ.

ಬಾಜೂ ಮನ್ಯಾಗ ಒಬ್ಬ ರಿಟೈರ್ಡ್ ಕಂಡಕ್ಟರ್ ಅದಾನ. ಬೇವು ನೋಡಿ ನನ್ನ ಕೇಳಿದ. ನಾನು ನಕ್ಕೋತ ಅವ್ವ ಹೇಳಿದ್ದನ್ನ ಹೇಳಿದೆ. ಅಂವ ನಗಲಿಲ್ಲ. ನಮ್ಮ ಕಾರಿಗೆ ಹತ್ತಿ ನಿಂತಿದ್ದ ತನ್ನ ಸ್ಕೂಟರ್ ತಗದು ಆ ಕಡೆ ಗ್ವಾಡಿಗೆ ಹಚ್ಚಿ ನಿಲ್ಲಿಸಿ, “ಒಬ್ಬರಿಂದ ಒಬ್ಬರಿಗೆ ಹತ್ತೂದ್ರಿ ಅದು,” ಅಂದ.

೨. ಒಳಗಿಂದೋ, ಹೊರಗಿಂದೋ

ಕಾರಿನ ಜೋಡಿ ಕೊಟ್ಟ ಪುಸ್ತಕದಾಗ ಆರು ವರ್ಷದೊಳಗ ಬಾಡಿಗೆ ತುಕ್ಕು ಹಿಡದ್ರ ಪುಕ್ಕಟೆ ಸರಿಮಾಡಿ ಬಣ್ಣ ಹಚ್ಚಿಕೊಡ್ತೀವಿ ಅಂತ ಬರದಿತ್ತು. ನಮ್ಮ ಕಾರಿಗೆ ಐದು ವರ್ಷ ಹತ್ತು ತಿಂಗಳು. ಇನ್ನ ಎರಡು ತಿಂಗಳ ಉಳದಿದ್ವು. ತಳಕಲ್ ದಾಟಿ ಒಂದ ಉಸುರಿಗೆ ಕೊಪ್ಪಳದ ಸರ್ವಿಸ್ ಸೆಂಟರಿಗೆ ಹೊಡದೆ.

ಅಲ್ಲಿ ಟೈ ಕಟ್ಟಿಕೊಂಡ ಒಬ್ಬ ಅಡ್ವೈಸರ್ ಇದ್ದ. ಕುಕ್ಕರಗಾಲಿಲೆ ಕುಂತು ಗುಳ್ಳಿ ನೋಡಿದ.

“ಸರ್, ತುಕ್ಕು ಒಳಗಿಂದ ಹೊರಗ ಬಂದಿದ್ರ ಕಂಪನೀದು. ಹೊರಗಿಂದ ಒಳಗ ಹೋಗಿದ್ರ ನಿಮ್ಮದು.”

“ಅದು ಹೆಂಗ್ರಿ ಗೊತ್ತಾಗೂದು?”

“ಕಂಪನಿ ಇನ್ಸ್‌ಪೆಕ್ಟರ್ ಸಾಹೇಬ್ರ ಬಂದು ನೋಡ್ಬೇಕ್ರಿ.”

ನಾನು ಅಲ್ಲೇ ವಿಚಾರಕ್ಕ ಬಿದ್ದೆ. ನಮ್ಮ ಸಾಲ್ಯಾಗೂ ಇದ ಜಗಳ. ಹುಡುಗ ಓದಲಿಲ್ಲಂದ್ರ, ಮನ್ಯಾಗ ನೆಟ್ಟಗಿಲ್ಲ ಅಂತ ನಾವು; ಸಾಲ್ಯಾಗ ಕಲಸಂಗಿಲ್ಲ ಅಂತ ಮನಿಯವ್ರು. ಒಳಗಿಂದ ಬಂತೋ ಹೊರಗಿಂದ ಬಂತೋ, ಇಪ್ಪತ್ತೆಂಟು ವರ್ಷದ ನೌಕರ್ಯಾಗ ನನಗಂತೂ ತಿಳೀಲಿಲ್ಲ. ಹುಡುಗ ಮಾತ್ರ ಹಂಗ ಉಳದ.

ಅಷ್ಟರಾಗ ಅಡ್ವೈಸರ್ ಕೇಳಿದ, “ಕಾರು ಎಲ್ಲಿ ಇಡ್ತಿದ್ರಿ ಸರ್?”

“ಮೊದಲ ಮೂರು ವರ್ಷ ಸಿದ್ದಾಪುರದಾಗ ನೌಕರಿ ಇತ್ತು. ಅಲ್ಲೇ.”

“ಆತ್ ನೋಡ್ರಿ! ಕಾಲುವಿ ನೀರು, ಭತ್ತದ ಗದ್ದಿ, ರಾಡಿ. ವಾತಾವರಣದ ತುಕ್ಕು ವಾರಂಟಿಯೊಳಗ ಬರಂಗಿಲ್ಲ.”

“ಈಗ ಮೂರು ವರ್ಷದಿಂದ ಯಲಬುರ್ಗಾದಾಗ ಐತ್ರಿ. ಅಲ್ಲಿ ಕುಡ್ಯಾಕ ನೀರು ಸಿಕ್ರ ಪುಣ್ಯ.”

“ಅಲ್ಲಿ ಧೂಳು, ಕಲ್ಲು ಸಿಡಿಯೂದು. ಅದೂ ಬರಂಗಿಲ್ಲ.”

ನನಗ ಪಿತ್ತ ನೆತ್ತಿಗೇರಿತು. “ಹಂಗಾರ ಎಲ್ಲಿ ಇಟ್ರ ಬರ್ತೈತಿ ಹೇಳ್ರಪಾ!”

ಅಂವ ಪಾಪ, ಕಾಜಿನ ಬಾಗಲದ ಆಚಿ ಮಿಂಚಾಕತ್ತಿದ್ದ ಹೊಸಾ ಕಾರುಗಳ ಕಡೆ ನೋಡಿ, “ಇಲ್ಲೇ ಶೋರೂಮಿನ್ಯಾಗ ಇಟ್ರ ಏನೂ ಆಗಂಗಿಲ್ಲ ಸರ್,” ಅಂದ.

೩. ಪುರಾವೆ

ಸಾಹೇಬ್ರು ಬರಬೇಕಂದ್ರ ಮೊದಲು ಕಾಗದ ಪತ್ರ ಕಳಸಬೇಕಂತ. ವರ್ಷಾ ಬಾಡಿ ಚೆಕ್ ಮಾಡಿಸಿದ್ದಕ್ಕ ಹೊಡದ ಸೀಲು-ಸಿಕ್ಕೆ ಇರೋ ಪುಸ್ತಕ ಬೇಕಂದ ಅಡ್ವೈಸರ್. ನನ್ನ ಹೆಂಡ್ತಿ ಅದನ್ನ ಜಗಲಿ ಮ್ಯಾಲೆ ದೇವರ ಹಿಂದ ಇಟ್ಟಿದ್ಲು. ಆರು ವರ್ಷ ಆಯುಧ ಪೂಜಾದಾಗ ಕಾರಿಗೆ ಏರಿಸಿದ್ದೆಲ್ಲಾ ಪುಸ್ತಕಕ್ಕೂ ಏರಿಸ್ಯಾಳ. ಅಡ್ವೈಸರ್ ಹಾಳಿ ತಗದ್ರ ಸಿಕ್ಕೆ ಇರೂ ಜಾಗದಾಗ ಕುಂಕುಮ, ಅರಿಷಿಣ, ಒಣಗಿದ ಚೆಂಡುಹೂವಿನ ಪಕಳಿ. ಅಂವ ಕಾಲಾಗಿನ ಬೂಟು ಬಿಟ್ಟು, ಪುಸ್ತಕ ಕಣ್ಣಿಗೊತ್ತಿಕೊಂಡು, ಆಮ್ಯಾಲೆ ಮೆಲ್ಲಕ ಕುಂಕುಮ ಊದಿ ಸಿಕ್ಕೆ ಹುಡುಕಿದ. ಪುಣ್ಯಕ್ಕ ಎಲ್ಲಾ ಇದ್ವು.

ಇನ್ನ, ಆ ಬಾಗಲಕ್ಕ ಎಂದೂ ಪೆಟ್ಟು ಬಿದ್ದಿಲ್ಲ ಅನ್ನಾಕ ಹಳೇ ಫೋಟೋ ಕೇಳಿದ. ನಮ್ಮ ಕಡೆ ಕಾರಿನ ಫೋಟೋಕ್ಕೇನ ಬರ? ಮೊಬೈಲಿನ್ಯಾಗ ನೂರಾ ಎಂಟು ಅದಾವ. ಹೆಂಡ್ತಿ, ನಾನು ಕುಂತು ಒಂದೊಂದ ನೋಡಿದ್ವಿ. ಒಂದರಾಗೂ ಬಾಗ್ಲ ಕಾಣವಲ್ದು! ಎಲ್ಲಾದರಾಗೂ ಯಾರರ ಬೀಗರು ಅದಕ್ಕ ಆನಿಕೊಂಡು ನಿಂತಾರ.

ಕಡೀಕ ಆ ಫೋಟೋಗಳನ್ನ ಕಳಿಸಿದೆ. ಅಡ್ವೈಸರ್ ಫೋನ್ ಮಾಡಿ, “ಸರ್, ಬೀಗರಿಗೆ ಎಲ್ಲೂ ಪೆಟ್ಟಾಗಿಲ್ಲ, ಅದಂತೂ ಕಾಣಸ್ತೈತಿ,” ಅಂದ.

೪. ಎಲ್ಲಾ ತಯಾರಿ ಐತ್ರಿ

ಹಿಂಗ ಕಾಗದ ಅಡ್ಡಾಡೂದ್ರಾಗ ದಿನಾ ಕಳದು, ವಾರಂಟಿಗೆ ಹನ್ನೆರಡ ದಿನ ಉಳದ್ವು. ಆವಾಗ ಫೋನ್ ಬಂತು. “ಸಾಹೇಬ್ರು ನಾಳೆ ಕೊಪ್ಪಳದಿಂದ ಕುಷ್ಟಗಿಗೆ ಹೊಂಟಾರ. ದಾರ್ಯಾಗ ಹನ್ನೊಂದಕ್ಕ ನಿಮ್ಮ ಸಾಲಿಗೇ ಬಂದು ಕಾರು ನೋಡ್ತಾರ. ಇದು ತಪ್ಪಿದ್ರ ಮತ್ತ ಮುಂದಿನ ತಿಂಗಳ ಬರೂದ್ರಿ.” ಮುಂದಿನ ತಿಂಗಳಂದ್ರ ವಾರಂಟಿ ಮುಗದಿರ್ತೈತಿ, ಅವ್ವನ ಬಸ್ ಪ್ರಯಾಣ ಕಾಯಂ ಆಗಿರ್ತೈತಿ.

ಇಲ್ಲಿ ನಮ್ಮ ಚಿತ್ರಕಲಾ ಮಾಸ್ತರನ ಬಗ್ಗೆ ಹೇಳಬೇಕು. ಕೈ ಅಂದ್ರ ಬಂಗಾರದ ಕೈ. ನಮ್ಮ ಐದನೇತ್ತ, ಅಂದ್ರ ಐದನೇ ಕ್ಲಾಸಿನ, ಕೋಣಿ ಗ್ವಾಡಿ ನಾ ಈ ಸಾಲಿಗೆ ಬರೂಕಿಂತ ಮೊದಲಿಂದ, ಹನ್ನೊಂದು ವರ್ಷದಿಂದ ಸೋರತೈತಿ. ಇಲಾಖೆ ಸಾಹೇಬ್ರು ಬರ್ತಾರಂದ್ರ ಅಂವ ಬಟ್ಟಿ ಮ್ಯಾಲೆ ತಾನ ಬರದ ದೊಡ್ಡ ಕರ್ನಾಟಕದ ನಕಾಶಿ ತಂದು ಆ ಕಲೆ ಮ್ಯಾಲೆ ನೇತ ಹಾಕ್ತಾನ. “ಸಾಹೇಬ್ರ ಕಣ್ಣಿಗೆ ಒಂದು ಕಲೆ ಬೀಳಬಾರದು ಮಾಸ್ತರ,” ಅಂತ ಕಲಿಸಿದಾಂವ ನಾನ. ನೌಕರಿ ಮಾಡೂದು ಹಂಗ ಅಂತ ತಿಳದಿದ್ದೆ.

ಮರುದಿನ ಏಳನೇತ್ತಕ್ಕ ಗಣಿತ ಹೇಳಾಕ ಹೋಗೂ ಮುಂದ ಅವಗ ಹೇಳಿದೆ, “ಹನ್ನೊಂದಕ್ಕ ಸಾಹೇಬ್ರು ಬರ್ತಾರ್ರಿ, ಕಾರು ನೋಡಾಕ. ಎಲ್ಲಾ ತಯಾರಿ ಇರ್ಲಿ.”

“ನಾ ಇಲ್ಲೇನ್ರಿ ಸರ್, ಚಿಂತಿ ಬಿಡ್ರಿ.”

ಬಿಟ್ಟೆ. ಅದ ತಪ್ಪಾತು.

ಹನ್ನೊಂದಕ್ಕ ಸಾಹೇಬ್ರ ಗಾಡಿ ಬಂತು. ಹೊರಗ ಬಂದು ನೋಡ್ತೀನಿ, ಕಾರಿನ ಮುಂದ ರಂಗೋಲಿ ಬಿದ್ದೈತಿ, ಬಾನೆಟ್ಟಿಗೆ ಹೂವಿನ ಹಾರ. ಬಿಸಿಯೂಟದ ಅಡಿಗಿ ಅಕ್ಕಾರು ಚಾ ಹಿಡಕೊಂಡು ನಿಂತಾರ. ಸಾಹೇಬ್ರು ಗಾಬರಿಯಾಗಿ ಚಾ ತಗೊಂಡು, ಬಾಗಲದ ಹತ್ರ ಬಗ್ಗಿ, “ಎಲ್ಲೈತ್ರಿ ತುಕ್ಕು?” ಅಂದ್ರು.

ನಾನೂ ಬಗ್ಗಿದೆ. ತುಕ್ಕಿಲ್ಲ! ಗುಳ್ಳಿ ಇಲ್ಲ! ಬೆಳ್ಳಗ, ನುಣ್ಣಗ, ಹೊಸಾ ಬಾಗಲ!

“ಮಾಸ್ತರ, ಇಲ್ಲಿ ಗುಳ್ಳಿ ಇದ್ವಲ್ರಿ?”

ಚಿತ್ರಕಲಾ ಮಾಸ್ತರ ಕೈಕಟ್ಟಿ ನಿಂತಿದ್ದ. “ಇದ್ವು ಸರ್. ಕಾಣ್ತಾವೇನ್ರಿ ಈಗ?”

“ಇಲ್ಲ.”

“ಮತ್ತ!” ಅಂದ, ಎದಿ ಉಬ್ಬಿಸಿ.

ಸಾಹೇಬ್ರು ಫೈಲ್ ಮುಚ್ಚಿದ್ರು. “ಹೊರಗ ರಿಪೇರಿ ಮಾಡಿ ಬಣ್ಣ ಹಚ್ಚಿಸಿದ್ರ ವಾರಂಟಿ ಹೋತ್ರಿ. ಪುಸ್ತಕದಾಗ ಬರದೈತಿ.”

ಬಸ್ಸಿನ ಕಂಬ ಹಿಡಕೊಂಡು ನಿಂತ ಅವ್ವ ಕಣ್ಮುಂದ ಬಂದ್ಲು. ಏನರ ಒಂದು ಸುಳ್ಳು ಹೇಳಾಕ ನಾಲಿಗಿ ತುದಿಗೆ ಬಂದಿತ್ತು, ಅಷ್ಟು ವರ್ಷದ ರೂಢಿ ನೋಡ್ರಿ. ಆದ್ರ ಮಾಸ್ತರನ ಮುಖ ನೋಡಿದೆ. ಅಂವ ಇನ್ನೂ ಶಾಬ್ಬಾಸಕಿಗೆ ಕಾಯಾಕತ್ತಿದ್ದ.

“ಸರ್,” ಅಂದೆ, “ತಪ್ಪು ಇವರದಲ್ರಿ, ನಂದು. ಸಾಹೇಬ್ರು ಬರ್ತಾರಂದ್ರ ಕಲೆ ಮುಚ್ಚಬೇಕಂತ ನಾನ ಇವರಿಗೆ ಕಲಿಸೀನಿ. ಇಪ್ಪತ್ತೆಂಟು ವರ್ಷ ಅದನ್ನ ಮಾಡೀನಿ. ತುಕ್ಕು ಒಳಗೈತ್ರಿ, ಮುಚ್ಚೀವಿ ಅಷ್ಟ.”

ನೋಡಾಕ ಬಂದ ಸಾಹೇಬ್ರ ಮುಂದ ನಾನು ಖರೇ ಹೇಳಿದ್ದು ಅದ ಮೊದಲು. ಮೈ ಹಗರಾತು, ಖರೇವಂದ್ರೂ.

ಸಾಹೇಬ್ರು ಮಾಸ್ತರನ ಕಡೆ ತಿರುಗಿದ್ರು. “ಏನ್ ಹಚ್ಚೀರಿ?”

“ಚಾಕ್‌ಪೀಸ್ ಪುಡಿ ಕಲಸಿ ಮೆತ್ತಿ, ಮ್ಯಾಲೆ ಗ್ವಾಡಿ ಸುಣ್ಣ ಸಾರಿಸೀನ್ರಿ. ಗುಳ್ಳಿಗೆ ಕೈ ಹಚ್ಚಿಲ್ರಿ.”

“ನೀರು ತರ್ರಿ.”

ಅಡಿಗಿ ಅಕ್ಕಾರು ಅನ್ನದ ಬೋಗಾಣಿ ತಿಕ್ಕೂ ನಾರು, ಒಂದು ಬಕೀಟ ನೀರು ತಂದ್ರು. ಬಣ್ಣ ಕೆರದೀತಂತ ನಾರು ಕಸಗೊಂಡು ಬಾಜೂಕ ಇಟ್ಟು, ನಾನು ಬಟ್ಟಿ ಒದ್ದಿ ಮಾಡಿ ಮೆಲ್ಲಕ ಒರಸಿದೆ. ಸುಣ್ಣ ಇಳೀತು. ಚಾಕ್‌ಪೀಸ್ ಕರಗಿತು. ಕಂದು ಬಣ್ಣ ಕಂಡಿದ್ದ ತಡ, “ಐತಿ! ತುಕ್ಕು ಐತ್ರಿ ಸರ್!” ಅಂತ ಕುಣದೆ. ಕಿಡಕ್ಯಾಗಿಂದ ನೋಡಾಕತ್ತಿದ್ದ ಏಳನೇತ್ತ ಮಕ್ಕಳು ಚಪ್ಪಾಳಿ ಹೊಡದ್ರು.

ಸಾಹೇಬ್ರು ಬಾಗಲ ತಗದು, ರಬ್ಬರ್ ಸರಿಸಿ, ಬ್ಯಾಟರಿ ಬೆಳಕ ಬಿಟ್ಟು ನೋಡಿ, “ಒಳಗಿಂದ ಬಂದೈತಿ. ಕಂಪನೀದು,” ಅಂತ ಬರಕೊಂಡ್ರು. ಗಾಡಿ ಹತ್ತೂ ಮುಂದ ಅಂದ್ರು, “ತುಕ್ಕು ಕಂಡು ಇಷ್ಟು ಖುಷಿಪಟ್ಟ ಸಾಲಿ ನಾ ಎಲ್ಲೂ ನೋಡಿಲ್ರಿ.”

ಚಿತ್ರಕಲಾ ಮಾಸ್ತರ ಒಬ್ಬನ ಸಪ್ಪಗ ನಿಂತಿದ್ದ. “ಕೆಲಸ ಮಾತ್ರ ಛಲೋ ಆಗಿತ್ತಲ್ರಿ ಸರ್?” ಅಂದ.

೫. ನಕಾಶಿ

ಹತ್ತು ದಿನಕ್ಕ ಕಾರು ಬಂತು. ಅವ್ವ ಚಸ್ಮಾ ಹಾಕ್ಕೊಂಡು ಬಾಗಲ ಸವರಿ ಸವರಿ ನೋಡಿದ್ಲು. ಒಂದು ಬಟ್ಟಲ ಮೊಸರನ್ನ ಎಡಿ ಹಿಡದು, “ಅಮ್ಮ ಹ್ವಾದ್ಲು,” ಅಂತ ಬೇವು ತಗದು, ಮುಂದಿನ ಸೀಟಿನ್ಯಾಗ ಕುಂತು, “ನಡಿ ಸಿದ್ದಾಪುರಕ್ಕ,” ಅಂದ್ಲು. ಕಂಡಕ್ಟರನ ಸ್ಕೂಟರೂ ಮೊದಲಿನ ಜಾಗಕ್ಕ ಬಂತು.

ನನಗ ಮಾತ್ರ ಒಂದು ಹುಳ ಕೊರಿಯಾಕತ್ತಿತ್ತು. ಕಾರಿನ ತುಕ್ಕು ತೋರಿಸಿದ್ದಕ್ಕ ಸರಿಯಾತು. ಗ್ವಾಡಿ? ಹನ್ನೊಂದು ವರ್ಷ ಐದನೇತ್ತ ಮಕ್ಕಳು ಮಳಿಗಾಲದಾಗ ಚೀಲ ತೊಡಿ ಮ್ಯಾಲೆ ಇಟ್ಟುಕೊಂಡು ಕುಂತಾವ. ಅದರಾಗ ಮೂರು ವರ್ಷ ನಾನು ನಕಾಶಿ ಹಾಕಿಸೀನಿ. ನೆನಸಿಕೊಂಡ್ರ ನಾಚಿಕಿ ಆಗ್ತಿತ್ತು.

ಮುಂದಿನ ತಿಂಗಳ ಇಲಾಖೆ ಸಾಹೇಬ್ರು ಬಂದ್ರು. ಮಾಸ್ತರ ರೂಢಿಯಂತ ನಕಾಶಿ ಹಾಕಿದ್ದ. ಅವರನ್ನ ಸೀದಾ ಐದನೇತ್ತಕ್ಕ ಕರಕೊಂಡು ಹೋಗಿ, ಮಕ್ಕಳ ಮುಂದನ ನಕಾಶಿ ಇಳಿಸಿಬಿಟ್ಟೆ. ಬೀದರದಿಂದ ಚಾಮರಾಜನಗರದತನ ಹಸಿರು ಪಾಚಿ.

ಸಾಹೇಬ್ರು ಪಾಚಿಗೆ ಬೆರಳ ಹಚ್ಚಿ ನೋಡಿದ್ರು. “ಎಷ್ಟು ವರ್ಷ ಆತ್ರಿ ಮಾಸ್ತರ ಹಿಂಗಾಗಿ?”

“ಹನ್ನೊಂದು.”

“ನಾ ನಾಕು ಸಲ ಬಂದೀನಿ. ಯಾಕ ಹೇಳ್ಲಿಲ್ಲ?”

“ನಾಕೂ ಸಲ ನೀವು ನಕಾಶಿ ಛಲೋ ಐತಿ ಅಂದ್ರಿ ಸರ್.”

ಅವರು ಭೇಟಿ ಪುಸ್ತಕ ತರಿಸಿ, ಗ್ವಾಡಿ ತುರ್ತು ದುರಸ್ತಿ ಆಗಬೇಕಂತ ಬರದು, ಸಹಿ ಮಾಡಿದ್ರು. ನನ್ನ ಕಣ್ಣಾಗ ನೀರು ಬಂದ್ವು, ಸುಳ್ಳ್ಯಾಕ ಹೇಳ್ಲಿ.

ಹೋಗಾಕ ಎದ್ದ ಸಾಹೇಬ್ರು ಬಾಗಲತನ ಹೋಗಿ ಮತ್ತ ತಿರುಗಿ ಬಂದ್ರು. ನೆಲದ ಮ್ಯಾಲಿದ್ದ ನಕಾಶಿ ಎತ್ತಿ, ಧೂಳು ಝಾಡಿಸಿ, ತಾವ ಸ್ಟೂಲ್ ಹತ್ತಿ ಗ್ವಾಡಿಗೆ ನೇತ ಹಾಕಿ, ಸೊಟ್ಟ ಆಗೈತೇನಂತ ಹಿಂದ ಸರದು ನೋಡಿ ಸರಿಮಾಡಿದ್ರು.

“ಮತ್ತ್ಯಾಕ್ರಿ ಸರ್ ಅದು?” ಅಂದೆ.

ಸಾಹೇಬ್ರು ನನ್ನ ಕಿವಿ ಹತ್ರ ಬಂದು, “ಸೋಮವಾರ ನಮ್ಮ ಸಾಹೇಬ್ರು ಬರ್ತಾರ್ರಿ,” ಅಂದ್ರು.