ಯುರೋಪಿನಲ್ಲಿ ಮಲಗುವುದೆಲ್ಲಿ?

ಗೊಂದಲವಾದಾಗ ಕೆಲವರು ದೇವರಿಗೆ ಹರಕೆ ಹೊರುತ್ತಾರೆ, ಕೆಲವರು ಹೆಂಡತಿಯನ್ನು ಕೇಳುತ್ತಾರೆ. ನಾನು ಕೋಷ್ಟಕ ಹಾಕುತ್ತೇನೆ. ಕಾಗದದ ಮೇಲೆ ಅಡ್ಡ ಉದ್ದ ಗೆರೆ ಎಳೆದು ಚೌಕಗಳನ್ನು ತುಂಬಿದರೆ ತಲೆಯೊಳಗಿನ ಗೊಂದಲವೆಲ್ಲ ಅವುಗಳೊಳಗೆ ಹೋಗಿ ಕೂತುಬಿಡುತ್ತದೆ ಎಂಬ ನಂಬಿಕೆ ನನ್ನದು. ಹೋಗಿ ಕೂರುವುದೇನೋ ನಿಜ. ಆದರೆ ಅಲ್ಲಿ ಕೂತು ಅದು ಮತ್ತಷ್ಟು ದಪ್ಪವಾಗುತ್ತದೆ ಎಂಬುದು ಐವತ್ಮೂರನೆಯ ವಯಸ್ಸಿನಲ್ಲಿ, ಈ ಯುರೋಪ್ ಪ್ರವಾಸದ ದೆಸೆಯಿಂದ ನನಗೆ ಗೊತ್ತಾಯಿತು. ಇದಕ್ಕೆ ನನ್ನ ಕಸುಬೂ ಕಾರಣ. ಪುಣೆಯ ಹತ್ತಿರ ಭೋಸರಿಯ ಒಂದು ಕಾರ್ಖಾನೆಯಲ್ಲಿ ಉತ್ಪಾದನೆಯ ಯೋಜನೆ ಹಾಕುವುದು ನನ್ನ ಕೆಲಸ. ಯಾವ ಬಿಡಿಭಾಗ ಎಷ್ಟು ಹೊತ್ತಿಗೆ ಯಾವ ಮಶೀನು ಹತ್ತಬೇಕು, ಎಷ್ಟು ಹೊತ್ತಿಗೆ ಇಳಿಯಬೇಕು ಎಂದು ಬರೆದುಕೊಡುವವನು ನಾನು. ಮಶೀನು ಖಾಲಿ ನಿಲ್ಲಬಾರದು ಎನ್ನುವುದೊಂದೇ ಅಲ್ಲಿನ ಧರ್ಮ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಮಾಡಿ, ಮನೆಯಲ್ಲಿ ಯಾರಾದರೂ ಸುಮ್ಮನೆ ಕೂತದ್ದು ಕಂಡರೂ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ನನ್ನ ಹೆಂಡತಿ ಶೈಲಾ ಖಡಕಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಾಳೆ. ಅಲ್ಲಿಯ ಮಕ್ಕಳು ಸೈನ್ಯದವರ ಮನೆಯವರು, ಊರೂರು ಸುತ್ತಿ ಬಂದವರು. ಹಾಗಾಗಿ ಅವುಗಳ ಮುಂದೆ ಬರೀ ಪುಸ್ತಕದ ಮಾತು ನಡೆಯುವುದಿಲ್ಲ. ಕಳೆದ ವರ್ಷ ಒಂಬತ್ತನೇ ತರಗತಿಯಲ್ಲಿ ಇವಳು ಡ್ಯಾನ್ಯೂಬ್ ನದಿಯ ಪಾಠ ಮಾಡುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿಯೊಂದು ಎದ್ದು ನಿಂತು, ಟೀಚರ್ ನೀವು ಅದನ್ನು ನೋಡಿದ್ದೀರಾ ಎಂದು ಕೇಳಿತಂತೆ. ಪ್ರಶ್ನೆಯಲ್ಲಿ ಕುಚೋದ್ಯವೇನೂ ಇರಲಿಲ್ಲ. ಇವಳು ಇಲ್ಲ ಎಂದಳಂತೆ. ಹುಡುಗಿ ಹೌದಾ ಎಂದು ಕೂತುಬಿಟ್ಟಿತಂತೆ. ಅವತ್ತು ಸಂಜೆ ಮನೆಗೆ ಬಂದ ಶೈಲಾ ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಸೋಫಾದ ಮೇಲೆ ಕೂತು, "ಇಪ್ಪತ್ತೆರಡು ವರ್ಷ ಆತ್ರಿ, ಡ್ಯಾನ್ಯೂಬ್ ಹತ್ತು ದೇಶದಾಗ ಹರೀತದ ಅಂತ ಹೇಳ್ಕೋತ ಬಂದೀನಿ. ಒಂದು ದೇಶಕ್ಕರೆ ಹೋಗಿ ಅದರ ನೀರು ನೋಡಬೇಕ್ರಿ ನಾ" ಎಂದಳು. ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷ ಹತ್ತಿರ ಬರುತ್ತಿತ್ತು. ಮದುವೆಯಾದಾಗಿನಿಂದ ಇವಳು ನನ್ನ ಹತ್ತಿರ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಕಡಿಮೆ. ನಾನು ಆಯಿತು, ಬರುವ ಮೇ ತಿಂಗಳ ರಜೆಯಲ್ಲಿ ಹೋಗೋಣ ಎಂದೆ. ಹಾಗೆಂದವನು ಎದ್ದು ಹೋಗಿ ದೊಡ್ಡದೊಂದು ಹಾಳೆ ತಂದೆ. ಮೂಲೆಯಲ್ಲಿ ನದಿ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಯುರೋಪಿಗೆ ಹೋಗುತ್ತೇವೆ ಎಂದು ಒಬ್ಬರ ಕಿವಿಗೆ ಬಿದ್ದರೆ ಸಾಕು, ಎಲ್ಲರಿಗೂ ಅಲ್ಲಿ ಒಂದೊಂದು ಊರು ನೆನಪಾಗುತ್ತದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಬ್ಬರು, ಪ್ಯಾರಿಸ್ ನೋಡದೆ ಬಂದರೆ ನಿಮ್ಮನ್ನು ಯಾರು ಯುರೋಪಿಗೆ ಹೋಗಿಬಂದವರೆನ್ನುತ್ತಾರೆ ಎಂದರು. ಅಷ್ಟು ದೂರ ಹೋದವರು ಹಿಮ ನೋಡದೆ ಬರುತ್ತೀರಾ ಎಂದು ಇನ್ನೊಬ್ಬರು ಸ್ವಿಟ್ಜರ್ಲೆಂಡನ್ನು ಸೇರಿಸಿದರು. ನಮ್ಮ ಮೇಲಿನ ಫ್ಲಾಟಿನಲ್ಲಿ ಕಾರ್ತಿಕ್ ಎಂಬ ಬೆಂಗಳೂರಿನವನಿದ್ದಾನೆ, ಹಿಂಜವಾಡಿಯ ಕಂಪನಿಯಲ್ಲಿ ದೊಡ್ಡ ಹುದ್ದೆ. ಅವನು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, ಸಾರ್ ವೆನಿಸ್ ಮಿಸ್ ಮಾಡ್ಬೇಡಿ, ಪ್ರಾಗ್ ಅಂತೂ ಮಸ್ಟು ಎನ್ನುತ್ತಿದ್ದ. ನಾಲ್ಕನೆಯ ಮಹಡಿಯಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ನನ್ನ ಹಾಳೆಗೆ ಎರಡು ದೇಶ ಸೇರಿರುತ್ತಿದ್ದವು. ಯಾರಿಗೂ ಒಲ್ಲೆ ಎನ್ನಲು ಬಾರದ ಸ್ವಭಾವ ನನ್ನದು. ತಿಂಗಳೊಪ್ಪತ್ತಿನಲ್ಲಿ ನನ್ನ ಬಳಿ ಏಳು ಊರುಗಳಾದವು, ಒಂಬತ್ತು ರಾತ್ರಿಗಳಿದ್ದವು. ಏಳನ್ನು ಒಂಬತ್ತರಲ್ಲಿ ಕೂರಿಸುವುದು ಹೇಗೆ ಎಂದು ನಾನು ಊಟ ಮಾಡುವಾಗಲೂ ಬೆರಳು ಮಡಚುತ್ತಿದ್ದೆ. ಶೈಲಾ ಎರಡು ಸಲ, ಅನ್ನದಾಗ ಏನ ಬರಿಲಿಕ್ಕತ್ತೀರಿ ಎಂದು ಕೇಳಿದಳು.

ಪರಿಹಾರ ನನಗೆ ಹೊಳೆದದ್ದು ಧಾರವಾಡದ ಬಸ್ಸಿನಿಂದ. ಪುಣೆಯಲ್ಲಿರುವ ನಮ್ಮ ಕಡೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿಗೆ ಹೋಗುವುದೆಂದರೆ ನಮಗೆ ರಾತ್ರಿ ಬಸ್ಸೇ. ಸಂಜೆ ಡ್ಯೂಟಿ ಮುಗಿಸಿ, ಮನೆಯಲ್ಲಿ ಎರಡು ತುತ್ತು ಉಂಡು, ಸ್ವಾರಗೇಟಿನಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ಧಾರವಾಡ. ಮದುವೆಯೋ ಕುಬುಸವೋ ಮುಗಿಸಿ ಸಂಜೆ ಮತ್ತೆ ಹತ್ತಿದರೆ ಬೆಳಿಗ್ಗೆ ಪುಣೆ, ಅಲ್ಲಿಂದ ನೇರ ಕಾರ್ಖಾನೆ. ಒಂದೇ ದಿನದ ರಜೆಯಲ್ಲಿ ನಾನು ಎಷ್ಟು ಅಕ್ಷತೆ ಹಾಕಿ ಬಂದಿದ್ದೇನೋ ಲೆಕ್ಕವಿಲ್ಲ. ಇಪ್ಪತ್ತೈದು ವರ್ಷದಲ್ಲಿ ಹಗಲು ಹೊತ್ತು ಊರಿಗೆ ಹೋದ ನೆನಪೇ ನನಗಿಲ್ಲ. ಹಗಲಿನಲ್ಲಿ ಪ್ರಯಾಣ ಮಾಡುವವನು ಹಗಲನ್ನು ಹಾಳು ಮಾಡಿದ ಎಂದೇ ನಮ್ಮ ಭಾವನೆ. ಯುರೋಪಿನಲ್ಲೂ ರಾತ್ರಿ ರೈಲುಗಳಿವೆ, ರಾತ್ರಿ ಬಸ್ಸುಗಳಿವೆ ಎಂದು ಗೊತ್ತಾದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಒಂಬತ್ತು ರಾತ್ರಿಗಳಲ್ಲಿ ಐದನ್ನು ಚಕ್ರದ ಮೇಲೆ ಹಾಕಿದೆ. ಉಳಿದ ನಾಲ್ಕನ್ನು ನಾಲ್ಕು ದೇಶಗಳಿಗೆ ಒಂದೊಂದರಂತೆ, ಯಾರಿಗೂ ಬೇಸರವಾಗದ ಹಾಗೆ ಹಂಚಿದೆ. ಏಳೂ ಊರು ಕೂತವು. ಒಂದು ಗಂಟೆಯೂ ಖಾಲಿ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಕಾರ್ಖಾನೆಗೂ ನಾನು ಅಂಥ ಯೋಜನೆ ಹಾಕಿಕೊಟ್ಟಿರಲಿಲ್ಲ.

ಹಾಳೆಯನ್ನು ಶೈಲಾಳ ಮುಂದೆ ಹರಡಿದೆ. ಮೂವತ್ತೆರಡು ಸಾಲುಗಳಿದ್ದವು, ನಾಲ್ಕು ಬಣ್ಣಗಳಿದ್ದವು. ಅವಳು ಅದನ್ನು ಓದಲು ಹೋಗಲಿಲ್ಲ, ನದಿ ಐತಲ್ರಿ ಎಂದಷ್ಟೇ ಕೇಳಿದಳು. ಇದೆ, ಅದೂ ಒಂದಲ್ಲ ಎರಡು ಸಲ ಎಂದೆ. ಸುಳ್ಳಲ್ಲ. ನದಿಗೆ ಸಂಬಂಧಿಸಿದ ಎರಡು ಸಾಲುಗಳಿಗೆ ನಾನು ಹಸಿರು ಬಣ್ಣ ಹಚ್ಚಿದ್ದೆ. ಅವಳಿಗೆ ಖುಷಿಯಾಯಿತು. ಅವತ್ತು ಕೇಳದೇ ಗಿರಮಿಟ್ಟು ಮಾಡಿಕೊಟ್ಟಳು, ಮೇಲೆ ಕರಿದ ಮೆಣಸಿನಕಾಯಿ ಬೇರೆ. ಮರುದಿನ ಶಾಲೆಯಲ್ಲಿ ಆ ಹುಡುಗಿಯನ್ನು ಕರೆದು, ಜೂನ್‌ನಲ್ಲಿ ಬಂದು ಕೇಳು, ನದಿ ಹೇಗಿದೆ ಅಂತ ಹೇಳುತ್ತೇನೆ ಎಂದು ಮಾತೂ ಕೊಟ್ಟು ಬಂದಳು.

ವೀಸಾದ ಕಾಗದಪತ್ರ ಮಾಡಿಸಲು ನಾವು ಹೋದದ್ದು ಸದಾಶಿವ ಪೇಠೆಯ ಸಾಠೆ ಬಾಯಿ ಅವರ ಹತ್ತಿರ. ಅರವತ್ತು ದಾಟಿದ ಹೆಂಗಸು, ಮನೆಯ ಮುಂದಿನ ಕೋಣೆಯೇ ಅವರ ಕಚೇರಿ. ಮಾತು ಬಹಳ ಕಡಿಮೆ. ನಾನು ಹಾಳೆ ಬಿಚ್ಚಿಟ್ಟು, ಹೊಗಳಿಕೆ ಯಾವ ದಿಕ್ಕಿನಿಂದ ಬಂದರೂ ಸ್ವೀಕರಿಸಲು ತಯಾರಾಗಿ ಕೂತೆ. ಅವರು ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗೆ ಒಂದು ಸಲ ಓದಿದರು, ಕೆಳಗಿನಿಂದ ಮೇಲೆ ಇನ್ನೊಂದು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, "ಅಹೋ, ತುಮ್ಹಿ ರಾಹಣಾರ್ ಕುಠೆ?" ಎಂದರು. ಎಲ್ಲಾ ಸರಿ, ನೀವು ಇರುವುದಾದರೂ ಎಲ್ಲಿ ಎಂದು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಮಲಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕಂತೆ. ನಾನು ನಾಲ್ಕು ದೇಶಗಳಲ್ಲಿ ಒಂದೊಂದು ರಾತ್ರಿ ಮಲಗುತ್ತಿದ್ದೆ. ಉಳಿದ ಐದು ರಾತ್ರಿ ನಾನು ಯಾವ ದೇಶದವನು ಎಂದು ಆ ರೈಲಿನ ಡ್ರೈವರನೂ ಹೇಳಲಾರ. ಹಾಗಾದರೆ ಅರ್ಜಿ ಯಾರಿಗೆ ಎಂದೆ. ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ ಹಾಕಬಹುದು, ಅದಕ್ಕೇನೋ ನಿಯಮವಿದೆ ಎಂದರು ಸಾಠೆ ಬಾಯಿ. ಆದರೆ ಇದನ್ನು ನೋಡಿದ ಅಧಿಕಾರಿ, ಈ ಗಂಡಹೆಂಡತಿ ಯುರೋಪ್ ನೋಡಲು ಬರುತ್ತಿದ್ದಾರೋ, ಪಾರ್ಸೆಲ್ಲಾಗಿ ಹೋಗುತ್ತಿದ್ದಾರೋ ಎಂದು ಕೇಳಿದರೆ ತಾನೇನು ಹೇಳಬೇಕು ಎಂದೂ ಸೇರಿಸಿದರು. ಮಶೀನು ಖಾಲಿ ನಿಲ್ಲಬಾರದು ಎಂದು ನೋಡಿಕೊಂಡಿದ್ದೆನೇ ಹೊರತು, ಮಶೀನಿಂದ ಮಶೀನಿಗೆ ಏರಿಳಿಯುವ ಬಿಡಿಭಾಗ ನಾವೇ ಎಂಬುದು ನನಗೆ ಹೊಳೆದಿರಲಿಲ್ಲ.

ಶೈಲಾ ಕುರ್ಚಿ ಮುಂದಕ್ಕೆ ಎಳೆದುಕೊಂಡು, ನದಿ ಎಲ್ಲಿ ಬರುತ್ತದೆ ಎಂದು ಕೇಳಿದಳು. ನನಗೆ ಹೋದ ಜೀವ ಬಂದ ಹಾಗಾಯಿತು. ಹದಿನಾಲ್ಕನೆಯ ಸಾಲು, ಇಪ್ಪತ್ತನೆಯ ಸಾಲು, ಎರಡೂ ಹಸಿರು, ನೋಡು ಎಂದು ಬೆರಳಿಟ್ಟು ತೋರಿಸಿದೆ. ಡ್ಯಾನ್ಯೂಬ್ ದಾಟುವುದು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಂದು ಸಲ ಆಮ್‌ಸ್ಟರ್‌ಡ್ಯಾಮಿನಿಂದ ವಿಯೆನ್ನಾಕ್ಕೆ ಹೋಗುವ ರೈಲಿನಲ್ಲಿ, ಇನ್ನೊಂದು ಸಲ ವಿಯೆನ್ನಾದಿಂದ ಪ್ರಾಗ್‌ಗೆ ಹೋಗುವ ಬಸ್ಸಿನಲ್ಲಿ. ಸಾಠೆ ಬಾಯಿ ಪಕ್ಕದ ಚೌಕದಲ್ಲಿದ್ದ ಹೊತ್ತನ್ನು ಮೆಲ್ಲಗೆ ಓದಿದರು. ಮೊದಲನೆಯದು ಬೆಳಗಿನ ಜಾವ ಮೂರೂ ನಲವತ್ತಕ್ಕೆ. ಎರಡನೆಯದು ರಾತ್ರಿ ಹನ್ನೆರಡೂವರೆಗೆ. ಮತ್ತೆ ವಿಯೆನ್ನಾದಲ್ಲಿ ಹಗಲು ಎಂದು ಶೈಲಾ ಕೇಳಿದಳು. ಆ ದೊಡ್ಡ ನದಿ ಹಳೆಯ ಊರಿನ ನಡುವೆ ಇಲ್ಲ, ಸ್ವಲ್ಪ ದೂರ ಹೋಗಬೇಕು, ಅವತ್ತು ಎರಡು ಅರಮನೆ ಇದ್ದದ್ದರಿಂದ ಸಮಯ ಕೂರಲಿಲ್ಲ ಎಂದೆ. ಹೇಳುತ್ತಿದ್ದ ಹಾಗೆ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸತೊಡಗಿತು.

"ದಾಟಿದ್ರ ನೋಡಿದಂಗೇನ್ರಿ?" ಎಂದಳು ಶೈಲಾ. ದನಿ ಏರಿಸಲಿಲ್ಲ. ಆಮೇಲೆ ಕ್ಲಾಸಿನಲ್ಲಿ ಹೇಳುವ ಹಾಗೆ ಒಂದೊಂದಾಗಿ ಹೇಳಿದಳು. "ನೀರಾ, ಕೃಷ್ಣಾ, ಕೊಯ್ನಾ, ಪಂಚಗಂಗಾ, ದೂಧಗಂಗಾ, ವೇದಗಂಗಾ, ಹಿರಣ್ಯಕೇಶಿ, ಘಟಪ್ರಭಾ, ಮಾರ್ಕಂಡೇಯ, ಮಲಪ್ರಭಾ. ಇಲ್ಲಿಂದ ನಮ್ಮೂರಿಗೆ ಹತ್ತು ನದಿ ಅವ. ಹತ್ತೂ ನಾ ಮಕ್ಕಳಿಗೆ ಕಲಿಸ್ತೀನಿ. ಇಪ್ಪತ್ತೈದು ವರ್ಷ ಆತು ನಿಮ್ಮ ಜೋಡಿ ಬಸ್ ಹತ್ತಲಿಕ್ಕತ್ತು, ಹತ್ತೂ ನಿದ್ದ್ಯಾಗ ದಾಟೀನಿ. ಒಂದರ ನೀರೂ ನೋಡಿಲ್ಲ. ಇದನ್ನೂ ಹಂಗ ದಾಟಸ್ತೀರೇನು?"

ಸಾಠೆ ಬಾಯಿಗೆ ಕನ್ನಡ ಬರುವುದಿಲ್ಲ. ಆದರೂ ನದಿಗಳ ಹೆಸರು ಕೇಳಿ ಎಲ್ಲಾ ತಿಳಿದವರಂತೆ ಒಳಗೆದ್ದು ಹೋಗಿ ಚಹಾ ತಂದರು. ನನಗೆ ನಿಜವಾಗಿ ನಾಚಿಕೆಯಾಯಿತು. ಆ ಬಸ್ಸುಗಳಲ್ಲೆಲ್ಲ ಇವಳಿಗೆ ಯಾವಾಗಲೂ ಕಿಟಕಿ ಪಕ್ಕದ ಸೀಟನ್ನೇ ಬಿಟ್ಟುಕೊಡುತ್ತಿದ್ದೆ, ಅದನ್ನು ದೊಡ್ಡ ಉಪಕಾರವೆಂದೇ ತಿಳಿದಿದ್ದೆ. ಕತ್ತಲಲ್ಲಿ ಕಿಟಕಿ ಕೊಟ್ಟು ಏನು ಸುಖ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡೆ. ಜೇಬು ಉಬ್ಬಿತು. ಹೊಸ ಯೋಜನೆಯನ್ನು ಶೈಲಾ ಅಲ್ಲೇ, ಸಾಠೆ ಬಾಯಿಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಳು. ವಿಯೆನ್ನಾ ಐದು ರಾತ್ರಿ, ಬ್ರಾಟಿಸ್ಲಾವಾ ಎರಡು, ಬುಡಾಪೆಸ್ಟ್ ಎರಡು. ಮೂರೂ ಊರು ಒಂದೇ ನದಿಯ ದಂಡೆಗೆ. ಮೊದಲನೆಯ ಊರಿನಿಂದ ಎರಡನೆಯದಕ್ಕೆ ಹಗಲು ಹೊತ್ತಿನ ದೋಣಿ. ಬರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಮಿಕ್ಕ ಸಮಯದಲ್ಲಿ ಏನು ಮಾಡುವುದು ಎಂದು ನಾನು ಕೇಳಿದೆ. ದಂಡಿ ಮ್ಯಾಲೆ ಸುಮ್ಮನ ಕೂಡೂದು ಎಂದಳು. ಪ್ಯಾರಿಸ್ಸಿಲ್ಲ, ಹಿಮವಿಲ್ಲ, ಕ್ಯಾಂಟೀನಿನಲ್ಲಿ ಮುಖ ತೋರಿಸುವುದು ಹೇಗೆ ಎಂಬುದು ಬೇರೆಯೇ ಚಿಂತೆ. ಕಾರ್ತಿಕ್ ಕೈಗೆ ಸಿಗಬಾರದೆಂದು ನಾನೀಗ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ.

ಪ್ರಾಯಶ್ಚಿತ್ತ ಎಂದು ನಾನೇ ಒಂದು ಮಾತು ಮುಂದೆ ಬಿದ್ದು ಹೇಳಿದೆ. ಜನವರಿಯಲ್ಲಿ ಧಾರವಾಡದಲ್ಲಿ ಅವಳ ತಂಗಿಯ ಹೊಸ ಮನೆಯ ವಾಸ್ತುಶಾಂತಿ ಇತ್ತು. ಈ ಸಲ ಹಗಲು ಬಸ್ಸಿಗೆ ಹೋಗೋಣ, ಹತ್ತೂ ನದಿಗಳನ್ನು ಇಬ್ಬರೂ ಕೂಡಿ ನೋಡೋಣ, ಪ್ರತಿ ಸೇತುವೆಗೂ ನಾನು ನಿನಗೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಎರಡು ದಿನ ಹೆಚ್ಚಿನ ರಜೆಯನ್ನೂ ಹಾಕಿದೆ. ಹತ್ತು ಸೇತುವೆ ಎಷ್ಟೆಷ್ಟು ಹೊತ್ತಿಗೆ ಬರುತ್ತವೆ ಎಂದು ಸಣ್ಣದೊಂದು ಕೋಷ್ಟಕವನ್ನೂ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದೆ, ಅವಳಿಗೆ ತೋರಿಸಲಿಲ್ಲ. ಬೆಳಿಗ್ಗೆ ಆರೂವರೆಗೆ ಬಸ್ಸು ಹೊರಟಿತು. ನೀರಾ ನದಿಯನ್ನು ನಾನು ಕಣ್ಣಾರೆ ನೋಡಿದೆ. ನೋಡು ನೋಡು ಎಂದು ಇವಳ ಮೊಳಕೈ ತಿವಿದೆ, ಅವಳಾಗಲೇ ನೋಡುತ್ತಿದ್ದಳು. ಆಮೇಲೆ ಬಸ್ಸು ಚಹಾಕ್ಕೆ ನಿಂತಿತು. ಎರಡು ಪ್ಲೇಟ್ ಪೋಹೆ ತಿಂದೆ. ಘಾಟಿ ಹತ್ತುವಾಗ ಬಿಸಿಲು ಹಿತವಾಗಿತ್ತು.

ನನಗೆ ಎಚ್ಚರವಾದದ್ದು, ಏಳ್ರಿ ಧಾರವಾಡ ಬಂತು ಎಂದು ಶೈಲಾ ಭುಜ ಅಲುಗಿಸಿದಾಗ. ಕೃಷ್ಣೆಯ ಹತ್ತಿರ ಎಬ್ಬಿಸಿದ್ದಳಂತೆ. ನಾನು ಕಣ್ಣು ತೆರೆಯದೇ, ಹಾಂ ನೋಡಿದೆ, ಭಾಳ ಛಲೋ ಐತಿ ಎಂದೆನಂತೆ. ಪಂಚಗಂಗೆಯ ಹತ್ತಿರವೂ ಅದನ್ನೇ ಹೇಳಿದೆನಂತೆ. ಅಲ್ಲಿಂದ ಮುಂದೆ ಅವಳು ಎಬ್ಬಿಸುವ ಗೋಜಿಗೆ ಹೋಗಿಲ್ಲ. ಉಳಿದದ್ದನ್ನೆಲ್ಲ ಒಬ್ಬಳೇ ನೋಡಿದ್ದಾಳೆ. ಹಿರಣ್ಯಕೇಶಿಯಲ್ಲಿ ಎಮ್ಮೆ ಈಜುತ್ತಿದ್ದವಂತೆ, ಘಟಪ್ರಭೆಯಲ್ಲಿ ನೀರು ಕಡಿಮೆ ಇತ್ತಂತೆ, ಮಲಪ್ರಭೆಯ ಹತ್ತಿರ ಅವಳಿಗೆ ಯಾಕೋ ಕಣ್ಣು ತುಂಬಿ ಬಂತಂತೆ. ಬಸ್‌ಸ್ಟ್ಯಾಂಡಿನಿಂದ ತಂಗಿಯ ಮನೆ ಮುಟ್ಟುವವರೆಗೂ ಅದನ್ನೇ ಹೇಳುತ್ತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ಹತ್ತಿರದಲ್ಲೇ ಇದ್ದೂ ಅದನ್ನು ತಪ್ಪಿಸಿಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು.

ವೀಸಾ ಬಂದಾಯಿತು. ದೋಣಿಯ ಟಿಕೆಟ್ಟೂ ಮೊನ್ನೆ ಬಂತು. ಸೀಟು ಆರಿಸಿದವಳು ಶೈಲಾ. ಕಿಟಕಿಯ ಪಕ್ಕದ್ದು ಅವಳಿಗೆ, ನಡುದಾರಿಯ ಪಕ್ಕದ್ದು ನನಗೆ. ಎದುರುಬದುರು ಎರಡು ಕಿಟಕಿ ಖಾಲಿ ಇದ್ದವು, ಸೀಟು ಆರಿಸುವ ಚಿತ್ರದಲ್ಲಿ ನಾನೇ ನೋಡಿದೆ. ಯಾಕೆ ಹೀಗೆ ಎಂದು ಕೇಳಿದರೆ, ಮಲಗಾವ್ರಿಗೆ ಕಿಟಕಿ ಯಾಕ ಬೇಕ್ರಿ ಎಂದಳು. ಅವಳು ಅತ್ತ ಹೋದ ಮೇಲೆ ನಾನು ಹೊಸದೊಂದು ಹಾಳೆ ತೆಗೆದು ಗೆರೆ ಎಳೆದಿದ್ದೇನೆ. ಈ ಸಲ ಅದರಲ್ಲಿರುವುದು ಒಂದೇ ಸಾಲು, ಎಚ್ಚರವಿರುವುದು ಎಂದು. ಅದಕ್ಕೆ ಹಸಿರು ಬಣ್ಣ ಹಚ್ಚಿದ್ದೂ ಆಗಿದೆ. ಆದರೆ ಅದನ್ನು ಯಾವ ಮಶೀನಿನ ಮೇಲೆ ಏರಿಸಿದರೆ ತಯಾರಾಗುತ್ತದೋ ನನಗಿನ್ನೂ ಗೊತ್ತಾಗಿಲ್ಲ.